ಗೆರಿ ಎಳೆದ ಹೆಸರು

ಜೂನ್ 14, ಶನಿವಾರ. ಸಂಜಿ 4

ಶಾಲಿ ಸೂಚನಾದಾಗ ಐದನೇದು ಬರಿಯೂದರಾಗ ಹಾಲು ಉಕ್ಕಿತು. ಒಲಿ ಒರಸಿ ಮತ್ತ ಕುಂತೀನಿ.

ಇದು ನಾ ಬರಿಯೂದಲ್ಲ, ಸೊಸಿ ಬರಸೂದು. ಕುಸುಮ ಮೊಬೈಲ್ ಹಿಡಕೊಂಡು ಓದ್ತಾಳ, ನಾ ಇಳಿಸ್ಕೋತೀನಿ. "ಅತ್ತೀ, ಸೋಮವಾರದಿಂದ ನಾ ಲ್ಯಾಬಿಗೆ ಹೋಗಾಕಿ. ಇವರು ರಾಂಜಣಗಾಂವ ಫ್ಯಾಕ್ಟರಿ ಬಸ್ಸಿಗೆ ಐದೂವರಿಗೇ ಹೋಗ್ತಾರ. ಹುಡುಗನ ಶಾಲಿ ನಿಮ್ಮ ಕೈಯಾಗ. ಬರದಿಟ್ಟುಕೊಳ್ರಿ." ನಂದು ನಾಕನೇತ್ತ ಕಲತ ಕೈ. ಈ ಪುಣೆದ್ದಲ್ಲ, ಇಂಡಿ ಕಡೆ ಹಳ್ಳಿ ಶಾಲಿ, ಮಾಸ್ತರ ವಾರದಾಗ ಎರಡು ದಿನ ಬರಾಂವ. ಆದರೂ ಅಕ್ಷರ ಗುಂಡಗ ಅದಾವ. ನನ್ನ ಮಗ ಬಸವಲಿಂಗನ ಅಕ್ಷರ ನೋಡಬೇಕು — ಕಾಗಿ ಕಾಲು. ಡಿಪ್ಲೊಮಾ ಆಗೇದ ಅಂವಂದು.

ಒಂದನೇತ್ತ ಮಕ್ಕಳ ಪಾಲಕರಿಗೆ ಸೂಚನಾ ಅಂತ. ಗೇಟು ಏಳೂ ಐವತ್ತಕ್ಕ ಮುಚ್ಚತದ. (ಎಂಟಕ್ಕ ಮುಚ್ಚಿದರ ಗೇಟು ಸಿಟ್ಟು ಆಗ್ತದೇನು?) ಡಬ್ಬಿ ಮುಚ್ಚಳ ಕೂಸಿಗೇ ತಗೀಲಿಕ್ಕೆ ಬರಬೇಕು — ಇದು ಖರೇ, ನಮ್ಮ ಸ್ಟೀಲ್ ಡಬ್ಬಿ ನನಗೇ ಬರೂದಿಲ್ಲ, ಬ್ಯಾರೆ ತರಬೇಕು. ಬೂಟಿಗೆ ಲೇಸ್ ಬ್ಯಾಡ, ಅಂಟೂ ಪಟ್ಟಿ ಇರಲಿ. ಎಲ್ಲಾ ಸಾಮಾನಿನ ಮ್ಯಾಲೂ ಹೆಸರು ಬರೀಬೇಕು. ಕೂಸಿಗೆ ತನ್ನ ಪೂರ್ತಿ ಹೆಸರು, ಅಪ್ಪ-ಅವ್ವನ ಹೆಸರು, ಫೋನ್ ನಂಬರ್ ಬರಬೇಕು. ತೆಲಿಯಾಗ ಹೇನು ಆದರ ಮುಚ್ಚಿಡಬಾರದು. ಜೋರು ಮಳಿ ದಿನ ಮಕ್ಕಳನ್ನ ಗೇಟಿಗೆ ತರೂದಿಲ್ಲ, ಮ್ಯಾಲಿನ ಹಾಲ್‌ನಾಗ ಕೂಡಸ್ತಾರ, ಕೆಳಗ ನಾವು ಮೈಕಿನ್ಯಾಗ ಹೆಸರು ಕರದರ ಆ ಕೂಸು ತಾನೇ ಇಳದು ಬರಬೇಕು.

ನಡುವ ಒಂದು ಬಿಟ್ಟೀನಿ. ಕರಕೊಂಡು ಹೋಗಾಕ ಬಂದವರು ಗೇಟಿನ್ಯಾಗ ಕಾರ್ಡ್ ತೋರಿಸಿ ಕೂಸಿನ ಹೆಸರು ಬಾಯಿಲೆ ಹೇಳಬೇಕಂತ.

ಇಲ್ಲೇ ಪೆನ್ನು ನಿಂತದ.

ಮೊಮ್ಮಗನಿಗೆ ಇಟ್ಟದ್ದು ನಮ್ಮ ಮನಿಯವರ ಹೆಸರು. ಅವರು ಹೋಗಿ ಏಳು ವರ್ಷ, ಇಂವ ಬಂದು ಆರು. ಗಂಡನ ಹೆಸರು ಬಾಯಾಗ ಹಿಡೀಬಾರದು ಅಂತ ಬೆಳೆದಾಕಿ ನಾ. ಮೊಮ್ಮಗಗ ಇಟ್ಟ ಮಾತ್ರಕ್ಕ ಅದು ಬ್ಯಾರೆ ಹೆಸರು ಆಗ್ತದೇನು? ಅದಕ್ಕೇ ಇಂವಗ 'ಮುತ್ಯಾ' ಅಂತೀನಿ. ನಾ ಅಂದದ್ದು ಕೇಳಿ ಮನಿ ಮಂದಿ ಎಲ್ಲಾ ಹಂಗೇ ಅಂತಾರ. ಬಾಜೂ ಮನಿ ಮರಾಠಿ ಬಾಯಿ ಕೇಳಿದ್ದಳು, ಮುತ್ಯಾ ಅಂದರೇನು ಅಂತ. ಅಜ್ಜ ಅಂದೆ. "ಆರು ವರ್ಷದ ಅಜ್ಜ?" ಅಂತ ನಕ್ಕಳು. ನಗಲಿ.

ಇಲ್ಲೂ ಬರಿಯೂದಿಲ್ಲ. ಆ ಹೆಸರು ಬಂದಲ್ಲಿ ಒಂದು ಗೆರಿ ಎಳೀತೀನಿ. ಹಿಂಗ — ಸಾಕು.

ಜೂನ್ 16, ಸೋಮವಾರ. ಮುಂಜಾನೆ 9

ಮೊದಲ ದಿನ. ಕುಸುಮ ತಡಾ ಬರ್ತೀನಿ ಅಂತ ಲ್ಯಾಬಿನ್ಯಾಗ ಕೇಳಿದ್ದಳು, ಇಬ್ಬರೂ ಕೂಡಿ ಬಿಟ್ಟು ಬಂದಿವಿ. ಧನಕವಡಿ ಇಳಿಜಾರಿನ್ಯಾಗ ರಿಕ್ಷಾ, ವ್ಯಾನು, ಅಳೂ ಕೂಸುಗೋಳು, ಅವಕ್ಕಿಂತ ಜೋರು ಅಳೂ ಅವ್ವಗೋಳು. ನಮ್ಮಾಂವ ಅಳಲಿಲ್ಲ. ತಿರುಗಿ ನೋಡಲಿಲ್ಲ. ಕುಸುಮ ಅತ್ತಳು. "ಹೆಂಗ ಬಿಟ್ಟು ಹೋದ ನೋಡ್ರಿ ಅತ್ತೀ." ಹೋಗಲೆಂದೇ ಅಲ್ಲೇನು ಶಾಲಿಗೆ ಹಚ್ಚೂದು, ಅಂದೆ.

ಆರು ವರ್ಷ ಮನ್ಯಾಗ ಕುಂತಾಳ ಆಕಿ, ಇಂವನ ಸಲುವಾಗಿ. ಬಿ.ಎಸ್ಸಿ. ಕಲತಾಕಿ. ರಕ್ತ ತಪಾಸ ಮಾಡೂ ಲ್ಯಾಬು, ಮೂರು ತಿಂಗಳು ಕೆಲಸ ನೋಡಿ ಕಾಯಂ ಮಾಡ್ತಾರಂತ. ಬಿಳಿ ಕೋಟು ಹಾಕ್ಕೊಂಡು ಕನ್ನಡಿ ಮುಂದ ನಿಂತದ್ದು ನೋಡಿದೆ. ಭಾಳ ಛಂದ ಕಾಣತಿದ್ದಳು. ಹೇಳಲಿಲ್ಲ. ಹೇಳಿದರ ಹಿಗ್ಗತಾವ ಸೊಸಿಗೋಳು.

ಬಾಟ್ಲಿ, ಡಬ್ಬಿ, ರೇನ್‌ಕೋಟಿಗೆ ಆಕೀನೇ ಇಂಗ್ಲಿಷ್ ಚೀಟಿ ಅಂಟಿಸ್ಯಾಳ. ನಾ ಬ್ಯಾಗಿಗೆ ಕೆಂಪು ದಾರ ಕಟ್ಟೀನಿ. ಊರಾಗ ಎಮ್ಮಿ ಗುರುತಿಗೆ ಹಿಂಗೇ ಕಟ್ಟತಿದ್ದಿವಿ. ಒಂದೂ ಕಳದಿಲ್ಲ.

ಇವತ್ತ ಮಧ್ಯಾಹ್ನ ಕರಕೊಂಡು ಬರೂದು ಬಾಜೂ ಮನಿ ಬಾಯಿ. ನಾಳಿಂದ ನಾ.

ಜೂನ್ 17, ಮಂಗಳವಾರ. ಸಂಜಿ 5

ಮಾನ ಹೋತು.

ಹನ್ನೆರಡೂವರಿಗೆ ಗೇಟಿಗೆ ಹೋದೆ. ಗೇಟು ಕಾಯಾಕಿ ಶಾಲಿನಿ ಅಂತ, ಎಲ್ಲಾರೂ ಶಾಲಿನಿ ಮಾವಶಿ ಅಂತಾರ. ಮೂಗಿನ್ಯಾಗ ನತ್ತು, ಕೈಯಾಗ ಹೆಸರಿನ ಹಾಳಿ, ದನಿ ಅಂದರ ಹಲಗಿ. ಮರಾಠಿಯಾಗ ಕೇಳಿದಳು, "ನಾವ್ ಸಾಂಗಾ ಆಜಿ." ಹೆಸರು ಹೇಳ್ರಿ ಅಜ್ಜಿ.

ಕಾರ್ಡ್ ಮುಂದ ಹಿಡದೆ.

"ಕಾರ್ಡ್ ನೋಡಿದೆ. ಹೆಸರು?"

"ಮುತ್ಯಾ."

ಹಾಳಿ ಮ್ಯಾಲಿಂದ ಕೆಳಗ ಬೆರಳು ಆಡಿಸಿದಳು. "ಮುತ್ಯಾ ಅಂತ ಯಾರೂ ಇಲ್ಲ."

"ಕಾರ್ಡಿನ ಮ್ಯಾಲ ಬರದದಲ್ಲ, ಓದು."

"ಓದಾಕ ನನಗೂ ಬರ್ತದ. ನೀವು ಹೇಳಬೇಕು. ಬಿದ್ದ ಕಾರ್ಡ್ ಯಾರಿಗಾರ ಸಿಕ್ಕರ?"

"ಅವರ ಹೆಸರೇ ಇವಂದು."

"ಅವರು ಅಂದರ?"

"ಅವರು."

ಹಿಂದ ನಿಂತಾಕಿ ಒಬ್ಬಾಕಿ ಕಿಸಕ್ಕನ ನಕ್ಕಳು. ಗೇಟಿನ ಸಳಿ ಹಿಡಕೊಂಡು ನಮ್ಮಾಂವ "ಅಜ್ಜೀ" ಅಂತ ಕುಣೀಲಿಕತ್ತಿದ್ದ. ಕೂಸೇ ಕರೀಲಿಕತ್ತದ, ಕಾಣೂದಿಲ್ಲೇನು ನಿನಗ, ಅಂದೆ.

"ಚಾಕಲೇಟ್ ಕೊಟ್ಟವರನ್ನೂ ಕರೀತಾವ ಆಜಿ."

ಮಾತು ಖರೇ. ಖರೇ ಮಾತಿಗೆ ಸಿಟ್ಟು ಹೆಚ್ಚು ಬರ್ತದ.

ಫೋನ್ ಹೋತು. ಕುಸುಮ ರಿಕ್ಷಾ ಮಾಡಿಕೊಂಡು ಬರೂದರಾಗ ಒಂದೂ ಇಪ್ಪತ್ತು. ಬಿಳಿ ಕೋಟಿನ ಮ್ಯಾಲೇ ಬಂದಿದ್ದಳು. ಕೂಸಿನ ಹೆಸರು ಹೇಳಿದಳು, ನನ್ನ ಕೈಯಾಗ ಕೊಟ್ಟಳು, ಅದೇ ರಿಕ್ಷಾದಾಗ ತಿರುಗಿ ಹೋದಳು. ನೌಕರಿಯ ಎರಡನೇ ದಿನ. ಬೈದಿದ್ದರ ಛಲೋ ಇತ್ತು.

ಜೂನ್ 18, ಬುಧವಾರ. ಮಧ್ಯಾಹ್ನ 3

ಮುಂಜಾನೆ ಕುಸುಮ ಅಂದಳು, "ಅತ್ತೀ, ಇವತ್ತು ಮತ್ತ ನಡುವ ಎದ್ದು ಬಂದರ, ಮನ್ಯಾಗೇ ಇರವ್ವ ಅಂತಾರ." ನೋಡೋಣು ಅಂದೆ. ಏನು ನೋಡೂದು, ನನಗೂ ಗೊತ್ತಿರಲಿಲ್ಲ.

ಹನ್ನೆರಡಕ್ಕೇ ಹೋದೆ, ಮಂದಿ ಬರೂಕಿಂತ ಮೊದಲು. ಮಾವಶಿ ಕಲ್ಲಿನ ಮ್ಯಾಲ ಕುಂತು ಭಾಕ್ರಿ ತಿನ್ನತಿದ್ದಳು. ನನ್ನ ನೋಡಿ ಸರದು ಜಾಗಾ ಕೊಟ್ಟಳು. ಭಾಕ್ರಿ ಮುರಕೋತ ಕೇಳಿದಳು, "ಗಂಡನ ಹೆಸರು ಅಲ್ಲೇನ್ರಿ ಅದು?"

ಹೂಂ ಅಂದೆ.

"ನಿನ್ನೆ ರಾತ್ರಿ ಹೊಳೀತು ನನಗ. ನಮ್ಮ ಸಾಸವಡದಾಗ ನಮ್ಮ ಅತ್ತಿನೂ ಹಂಗೇ. ರೇಷನ್ ಅಂಗಡ್ಯಾಗ ಮಾವನ ಹೆಸರು ಕೇಳಿದರ ಸಕ್ಕರಿ ಬಿಟ್ಟು ಬಂದಿದ್ದಳು." ಕೈ ಝಾಡಿಸಿ ಎದ್ದು ನಿಂತಳು. "ಮತ್ತ ಉಖಾಣಾ ಹೇಳ್ರಿ. ಉಖಾಣಾದಾಗ ಅಂದರ ದೋಷ ಇಲ್ಲಲ್ಲ."

ಉಖಾಣಾ ಅಂದರ ನಮ್ಮ ಒಡಪು. ಮದುವಿ, ಸೀಮಂತ, ತೊಟ್ಟಿಲದಾಗ ಬಾಗಲಿಗೆ ಅಡ್ಡ ನಿಂತು ಕೇಳ್ತಾರ, ಹಾಡು ಕಟ್ಟಿ ಗಂಡನ ಹೆಸರು ಅದರಾಗ ಸೇರಿಸಿ ಹೇಳಿದರೇ ಒಳಗ ಬಿಡೂದು.

"ನಾ ಗಂಡ ಸತ್ತಾಕಿ. ನನಗ ಯಾರು ಒಡಪು ಕೇಳ್ತಾರ?"

"ನಾ ಕೇಳಲಿಕತ್ತೀನಲ್ಲ."

ಏಳು ವರ್ಷ ಆತು. ಒಡಪು ಕೇಳೂ ಹೊತ್ತಿಗೆ ನನ್ನ ದಾಟಿ ಮುಂದಿನಾಕಿ ಕಡೆ ತಿರುಗತಾರ. ನಾ ಅಡಗಿಮನಿಗೆ ಎದ್ದು ಹೋಗ್ತೀನಿ. ಒಲಿ ಮ್ಯಾಲ ಏನೂ ಇರೂದಿಲ್ಲ. ಹಂಗೇ ಹೋಗಿ ನಿಲ್ಲತೀನಿ. ಅಂಥಾಕಿಗೆ ಗೇಟು ಕಾಯೂ ಹೆಣಮಗಳು ಹಾದ್ಯಾಗ ನಿಂದರಿಸಿ ಕೇಳತಾಳ.

ಹೇಳಿದೆ.

ಬಿಳಿ ಜ್ವಾಳದ ರೊಟ್ಟಿಗೆ ಗುರೆಳ್ಳ ಚಟ್ನಿ ಕಪ್ಪ,
ಗೇಟು ತಗಿಯೇ ಶಾಲಿನಿ, ಒಳಗ ಕುಂತಾನ ನಮ್ಮ —

ಆಕಿಗೆ ಕನ್ನಡ ತಿಳೀಲಿಲ್ಲ, ಕಡೀ ಮಾತು ತಿಳೀತು. ಹಾಳಿ ಮ್ಯಾಲ ಟಿಕ್ ಹಾಕಿದಳು. ಇನ್ನೊಂದು ಹೇಳ್ರಿ ಅಂದಳು. ದಿನಕ್ಕ ಒಂದೇ ಅಂದೆ.

ನನ್ನ ಕಾಲು ಯಾಕೋ ಹಗರ ಆಗಿದ್ದುವು ಬರೂಮುಂದ. ಇಂವ ಕೇಳಿದ, "ಅಜ್ಜಿ, ಹಾಡು ಹಾಡಿದೇನು?" ಹೂಂ ಅಂದೆ.

ಜೂನ್ 19, ಗುರುವಾರ

ಇವತ್ತಿನ ಒಡಪಿಗೆ ಆರು ಮಂದಿ ಅವ್ವಗೋಳು ನಿಂತಿದ್ದರು. ಒಬ್ಬಾಕಿ ಮೊಬೈಲ್ ತಗದಳು. ಒಳಗಿಡು ಅಂದೆ.

ಹೊಸಾ ಡಬ್ಬಿ ಬಂತು. ಹತ್ತು ಸಲ ತಗಸಿದೆ, ಹತ್ತು ಸಲ ಮುಚ್ಚಿಸಿದೆ. ಪಲ್ಯ ಒಣಾ ಇರಬೇಕು, ಇಲ್ಲಂದರ ವಹಿ ಎಲ್ಲಾ ಸಾರು. ಇದು ಸೂಚನಾದಾಗ ಇರಲಿಲ್ಲ, ನಂದು.

ಜೂನ್ 20, ಶುಕ್ರವಾರ. ಸಂಜಿ

ಇವನ ಕ್ಲಾಸ್ ಟೀಚರ್ ಕೆಳಗ ಬಂದಿದ್ದಳು. ಸಿಂಧೂರ ಮಿಸ್. ಮಂಡ್ಯ ಕಡೆಯಾಕಿ, ಗಂಡ ಐಟಿ. ನಾ ಕನ್ನಡದಾಕಿ ಅಂತ ತಿಳದು ಭಾಳ ಖುಷಿ. "ಅಜ್ಜಿ, ಎರಡು ನಿಮಿಷ ಮಾತಾಡ್ಬೇಕಿತ್ತು. ಗಾಬರಿ ಏನೂ ಬೇಡಿ."

ಹಂಗಂದಾಗೇ ಗಾಬರಿ ಆಗೂದು.

"ಅಟೆಂಡೆನ್ಸ್‌ನಲ್ಲಿ — ಅಂತ ಕರೀತೀನಿ, ತಿರುಗೂ ನೋಡಲ್ಲ. ಐದು ದಿನದಿಂದ ಹೀಗೇ. ಪಕ್ಕದ ಮಗು ತಟ್ಟಿದ್ರೆ ಏಳ್ತಾನೆ. ಒಂದ್ಸಲ ಕಿವಿ ಚೆಕ್ ಮಾಡಿಸ್ಬಿಡಿ."

"ಯಾರ ಕಿವಿ? ಬಿಸ್ಕಿಟ್ ಪಾಕೀಟ್ ಹರದರ ಮೂರನೇ ಮನಿಯಿಂದ ಓಡಿ ಬರ್ತಾನ್ರಿ ಅಂವ."

ನಕ್ಕಳು. "ಆದ್ರೂ ಅಜ್ಜಿ. ಅಮ್ಮಂಗೆ ನಾನು ಮೆಸೇಜ್ ಹಾಕಿರ್ತೀನಿ."

ಹಾಕ್ಯಾಳ. ಕುಸುಮ ಬಂದ ಕೂಡಲೇ ಇವನ ಹಿಂದ ನಿಂತು ಚಪ್ಪಾಳಿ ತಟ್ಟಿದಳು. ತಿರುಗಿದ. ಮತ್ತ ತಟ್ಟಿದಳು. ಮತ್ತ ತಿರುಗಿದ. "ಅವ್ವಾ, ಆಟ ಏನಿದು?" ಅಂದ.

ಜೂನ್ 22, ರವಿವಾರ. ಸಂಜಿ 6

ಪಂಢರಪುರಕ್ಕ ನಡಕೋತ ಹೋಗೂ ಪಾಲಖಿ ಇವತ್ತು ಪುಣೆ ಬಿಟ್ಟು ಸಾಸವಡ ಕಡೆ ಹೊಂಟಿತು. ಬಸವಲಿಂಗಗ ರಜಾ, ಹಡಪಸರಕ್ಕ ಕರಕೊಂಡು ಹೋದ. ನನಗಿಂತ ಹಿರೇರು ತೆಲಿ ಮ್ಯಾಲ ತುಳಸಿ ಹೊತ್ತು ಬರಿಗಾಲಿಲೆ ನಡದಾರ. ನಾ ಕಟ್ಟಿ ಮ್ಯಾಲ ಕುಂತು ಬಾಳಿಹಣ್ಣು ಹಂಚಿದೆ. ಕುಂತು ಮಾಡೂ ಪುಣ್ಯ ಅಷ್ಟೇ.

ಮೈಕಿನ್ಯಾಗ ಕಳದ ಮಂದಿ ಹೆಸರು ಕೂಗಲಿಕತ್ತಿದ್ದರು. ನಡುವ ಒಂದು — "ಹಸರು ಫ್ರಾಕ್, ಮೂರು ವರ್ಷದ ಹುಡುಗಿ, ಹೆಸರು ಹೇಳಾಕ ಬರೂದಿಲ್ಲ." ಅದನ್ನೇ ನಾಕ್ ಸಲ ಕೂಗಿದರು. ಅಲ್ಲಿ ಹಸರು ಫ್ರಾಕು ನೂರು ಇದ್ದುವು.

ಇವಗ ಕೇಳಿದೆ, "ನೀ ಕಳದರ ಏನ ಹೇಳ್ತಿ?"

"ನಾ ಕಳಿಯೂದಿಲ್ಲ."

"ಕಳದಿ ಅಂತ ತಿಳಿ."

"ಅಪ್ಪ ಬಸವಲಿಂಗ. ಅವ್ವ ಕುಸುಮ. ಅಜ್ಜಿ ಶಿವಗಂಗವ್ವ. ಧನಕವಡಿ." ಅವ್ವನ ಫೋನ್ ನಂಬರ್ ಹತ್ತೂ ಅಂಕಿ ಹೇಳಿದ, ಒಂದೂ ತಪ್ಪಲಿಲ್ಲ.

"ನಿನ್ನ ಹೆಸರು?"

"ಮುತ್ಯಾ."

ಮೈಕಿನ್ಯಾಗ ಮುತ್ಯಾ ಕಳದಾನ ಅಂತ ಕೂಗಿದರ ಬಸವಲಿಂಗ ಯಾರದೋ ಮನಿ ಮುದುಕ ಅಂತ ತಿಳದಾನು. ಬರೂದಿಲ್ಲ ಅಂವ.

ಬಾಳಿಹಣ್ಣು ಕೈಯಾಗೇ ಉಳೀತು. ಕೆಳಗಿನ ಮನಿ ಬಾಲವಾಡಿ ಬಾಯಿನೂ ಎರಡು ವರ್ಷ ಮುತ್ಯಾ ಅಂತೇ ಕರದಾಳ, ಆಕಿಗೆ ಅದೇ ಹೆಸರು ಅಂತ ನಾನೇ ಹೇಳಿದ್ದೆ. ಆರು ವರ್ಷ ಈ ಮನ್ಯಾಗ ಯಾರೂ ಕೂಸಿನ ಹೆಸರು ಕೂಸಿಗೆ ಕೊಟ್ಟಿಲ್ಲ. ತೊಟ್ಟಿಲದಾಗ ಕಿವ್ಯಾಗ ಊದಿ, ಅಲ್ಲೇ ಬಿಟ್ಟೀವಿ.

ಹಸರು ಫ್ರಾಕಿನ ಅವ್ವ ಬಂದಳು ಕಡೀಗೆ. ಹುಡುಗೀನ ಹೊಡದು, ಅಪ್ಪಿಕೊಂಡು ಅತ್ತಳು.

ಯಾರಿಗೂ ಏನೂ ಹೇಳಿಲ್ಲ ಇನ್ನ.

ಜೂನ್ 25, ಬುಧವಾರ. ಮಧ್ಯಾಹ್ನ

ಕಿವಿ ಡಾಕ್ಟರ. ಕುಸುಮ ಮತ್ತ ಅರ್ಧ ದಿನ ರಜಾ. ಕೂಸಿನ ಕಿವಿಗೆ ಡಬ್ಬಿ ಹಚ್ಚಿದರು, ಸಪ್ಪಳ ಕೇಳಿದಾಗೊಮ್ಮೆ ಬಕೀಟಿನ್ಯಾಗ ಒಂದು ಗುಂಡು ಹಾಕಬೇಕು. ಎಲ್ಲಾ ಹಾಕಿದ. ಹೊರಗ ಯಾರೋ ಕೆಮ್ಮಿದ್ದಕ್ಕೂ ಒಂದು ಹಾಕಿದ.

"ಬೆಕ್ಕಿನ ಕಿವಿ" ಅಂದಳು ಡಾಕ್ಟರಬಾಯಿ. "ನಿನ್ನ ಹೆಸರೇನಪ್ಪ?"

"ಮುತ್ಯಾ."

ಡಾಕ್ಟರ ಕಾಗದ ನೋಡಿದಳು. ಕುಸುಮನ ನೋಡಿದಳು. ಕುಸುಮ ನನ್ನ ನೋಡಿದಳು. ನಾ ಗ್ವಾಡಿ ಮ್ಯಾಲಿನ ಕಿವಿ ಚಿತ್ರ ನೋಡಿದೆ. ಕಿವಿ ಒಳಗ ಶಂಖದಂಥದ್ದೊಂದು ಇರ್ತದ.

ಜೂನ್ 26, ಗುರುವಾರ. ಮುಂಜಾನೆ 10

ನಿನ್ನೆ ಊಟಕ್ಕ ಕುಂತಾಗ ಬಸವಲಿಂಗ ಕೇಳಿದ. "ಯವ್ವಾ, ಒಮ್ಮೆ ಕೂಸಿಗೆ ಹೆಸರು ಹಿಡದು ಕರದರ ಏನಾಗತದ? ಅಪ್ಪ ಇದ್ದಾಗ ಆಯುಷ್ಯ ಕಡಿಮಿ ಆಗ್ತದ ಅಂತಿದ್ದಿ. ಈಗ ಯಾರದು ಕಡಿಮಿ ಆಗೂದದ?"

"ನಿಂದು. ಅನ್ನ ಉಣ್ಣೂಮುಂದ ಮಾತಾಡಿದರ."

ಅಂವ ತಾಟಿಗೆ ಬಗ್ಗಿದ. ನನ್ನ ಮನಸಿನ್ಯಾಗ ನಡದೇ ಇತ್ತು.

ಯಾರದು ಅಂತ ಕೇಳ್ತಾನ. ಈಗ ಆ ಹೆಸರು ಯಾರ ಮ್ಯಾಲ ಅದ?

ಒಂದೇ ಸಲ ಬರೇ ಬಾಯಿಲೆ ಅಂದೀನಿ ನಾ. ಏಳು ವರ್ಷದ ಹಿಂದ, ದವಾಖಾನಿ ಕಿಟಕ್ಯಾಗ. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡ್ಯಾಗ ಲೆಕ್ಕಾ ಬರಿಯೂಮುಂದ ಎದಿ ಹಿಡಕೊಂಡು ಕುಂತರು. ಬಸವಲಿಂಗ ಫ್ಯಾಕ್ಟರ್ಯಾಗ. ನಾ ಒಬ್ಬಾಕೀನೇ. ಕಿಟಕಿಯಾಂವ, "ಪೇಶಂಟ್ ಹೆಸರು, ಜಲ್ದಿ ಹೇಳ್ರಿ" ಅಂದ. ಹಿಂದ ಪಾಳಿ ಇತ್ತು. ಅಂದೆ. ಹಾಡಿಲ್ಲ, ಒಡಪಿಲ್ಲ, ಬೆತ್ತಲೆ ಹೆಸರು. ಅಂವ ಬರಕೊಂಡ. ಸಂಜಿಕ್ಕ ಹೋದರು.

ನನಗ ತಿಳಿಯೂದಿಲ್ಲೇನು? ಎದಿ ನಿಂತು ಹೋದರು, ನನ್ನ ಬಾಯಿಂದಲ್ಲ. ತೆಲಿಗೆ ತಿಳೀತದ. ನಾಲಿಗೆಗೆ ತಿಳಿಯೂದಿಲ್ಲ.

ಜುಲೈ 3, ಗುರುವಾರ

ವಾರ ಬರೀಲಿಲ್ಲ. ಬರಿಯೂದೇನಿತ್ತು.

ಸಿಂಧೂರ ಮಿಸ್ ಹೇಳ್ಯಾಳ, ಮನ್ಯಾಗ ಎಲ್ಲಾರೂ ಹೆಸರಿನಿಂದ ಕರೀರಿ, ಎಂಟನೇ ತಾರೀಖಿಗೆ ಹೊರಗಿನ ಬಾಯಿ ಒಬ್ಬಾಕಿ ಬರ್ತಾಳ, ಯಾವ ಮಕ್ಕಳು ಒಂದನೇತ್ತ ಮತ್ತ ಕೂಡಬೇಕು ಅಂತ ನೋಡಾಕ, ಅಷ್ಟರಾಗ ಹೆಸರಿಗೆ ತಿರುಗಿದರ ಛಲೋ. ಬಸವಲಿಂಗ ಕರದ, ಕುಸುಮ ಕರದಳು. — ಬಾ ಇಲ್ಲೆ. — ಊಟಾ ಮಾಡು. — ಚಂಡು ತೊಗೊ. ಇಂವ ಎದ್ದು ನನ್ನ ಹತ್ರ ಬಂದು ಕುಂತ. "ಅವರು ಯಾರನ್ನ ಕರೀತಾರ ಅಜ್ಜಿ?"

"ನಿನ್ನ."

"ಅಲ್ಲ. ನೀ ಅನ್ನೂದಿಲ್ಲಲ್ಲ."

"ಗೇಟಿನ್ಯಾಗ ಅಂತೀನಲ್ಲ ದಿನಾ."

"ಅದು ಹಾಡು."

ಆರು ವರ್ಷದಾಂವ. ನನ್ನ ಬಾಯಿ ಮುಚ್ಚಿಸಿದ. ಅವರೂ ಹಿಂಗೇ ಇದ್ದರು, ಎರಡು ಮಾತಿನ್ಯಾಗ ಮುಗಸತಿದ್ದರು.

ಜುಲೈ 5, ಶನಿವಾರ. ಮಧ್ಯಾಹ್ನ

ಕುಸುಮ ನೌಕರಿ ಬಿಡ್ತಾಳಂತ. "ನಾ ಮನ್ಯಾಗ ಇದ್ದು ತಿದ್ದತೀನಿ ಅತ್ತೀ. ಇನ್ನೊಂದು ನೌಕರಿ ಸಿಗ್ತದ, ಇಂವ ಒಂದನೇತ್ತ ಎರಡು ಸಲ ಕೂಡೂದು ಬ್ಯಾಡ." ಸೋಮವಾರ ಸಂಜಿಕ್ಕ ಕಾಗದ ಕೊಡಾಕಿ. ಬರದು ಪರ್ಸಿನ್ಯಾಗ ಇಟ್ಟಾಳ. ಬಿಳಿ ಕೋಟು ಒಗದು ಇಸ್ತ್ರಿ ಮಾಡಿ ಘಡಿ ಹಾಕಿದಳು. ತಿರುಗಿ ಕೊಡೂ ಸಾಮಾನಿನಂಗ.

ಈ ಸೊಸಿಗೆ ಜಗಳಾ ಆಡಾಕ ಯಾರೂ ಕಲಸಿಲ್ಲ. ನಾ ಕಲಸಬೇಕಿತ್ತು.

ಆಕಿ ಮುಂದ ಕುಂತು, ಆ ಹೆಸರು ಅನ್ನಾಕ ಬಾಯಿ ತಗದೆ. ಇಂವ ಅಲ್ಲೇ ಚಿತ್ರ ಬರೀತಿದ್ದ. ಮ... ಅಷ್ಟಕ್ಕೇ ನಿಂತಿತು. ಕೆಮ್ಮಿದೆ. ಕುಸುಮ ನೀರು ತಂದು ಕೊಟ್ಟಳು.

ಜುಲೈ 7, ಸೋಮವಾರ. ಮುಂಜಾನೆ 11

ಕಾತ್ರಜ ಗುಡ್ಡದ ಕಡೆ ಕರ್ರಗಾಗೇದ. ಜೋರು ಹೊಡೀಲಿಕತ್ತದ ಮಳಿ. ಛತ್ರಿ ಹುಡುಕಬೇಕು.

ಅದೇ ದಿನ. ಮಧ್ಯಾಹ್ನ 2

ಅವಸರದಾಗ ಅಕ್ಷರ ಬಸವಲಿಂಗನಂಗ ಬರಲಿಕತ್ತಾವ. ಇರಲಿ.

ಗೇಟಿನ್ಯಾಗ ಮೊಣಕಾಲು ಮಟಾ ನೀರು. ಶಾಲಿನಿ ಮಾವಶಿ ಮ್ಯಾಲೆ ಮಕ್ಕಳ ಹತ್ರ ಹೋಗ್ಯಾಳಂತ. ಕೆಳಗ ಪೋರ್ಚಿನ್ಯಾಗ ವಾಚ್‌ಮನ್ ಮನೋಹರ, ಕೈಯಾಗ ಮೈಕು. ಒಬ್ಬೊಬ್ಬರೇ ಬಂದು ಹೆಸರು ಅನ್ನಬೇಕು, ಮ್ಯಾಲಿನ ಹಾಲ್‌ನಾಗ ಕೇಳಸ್ತದ, ಕೂಸು ಇಳದು ಬರ್ತದ. ಸೂಚನಾದ ಕಡೀ ಮಾತು. ನನ್ನ ಕೈಯಿಂದೇ ಬರದಿದ್ದೆ.

ನನ್ನ ಪಾಳಿ ಬಂತು. ಒಡಪು ತಯಾರ ಮಾಡಿಕೊಂಡೇ ಹೋಗಿದ್ದೆ.

ಮೋಡ ಬಂತು ಮಳಿ ಬಂತು, ಛತ್ರಿಗೆ ನೂರು ತೂತ,
ಕೆಳಗ ಇಳಿ ನಮ್ಮ —, ನಿನ್ನಜ್ಜಿ ನಿಂತಾಳ ಕಾಯ್ಕೋತ.

ಪಾಳ್ಯಾಗ ನಗಿ. ಮ್ಯಾಲೆ ಹುಡುಗೋರು ಹೋ ಅಂದು ಚಪ್ಪಾಳಿ ತಟ್ಟಿದರು. ನಮ್ಮಾಂವನೂ ತಟ್ಟಿರಬೇಕು. ಯಾರೂ ಇಳೀಲಿಲ್ಲ.

"ಆಜಿ, ಉಖಾಣಾ ಬ್ಯಾಡ್ರಿ ಇವತ್ತು, ಬರೇ ಹೆಸರು. ಜಲ್ದಿ." ಮನೋಹರ ತಪ್ಪು ಮಾಡಲಿಲ್ಲ, ಹಿಂದ ನಲವತ್ತು ಮಂದಿ ತೊಯಿಸಿಕೊಳ್ಳಲಿಕತ್ತಿದ್ದರು. ನಾ ಸರದು ನಿಂತೆ. ಅವರ ಕೂಸು ಬಂದುವು. ಆರ್ಯಾ, ಸ್ವರಾ, ವೇದಾಂತ — ಹೆಸರು ಬೀಳೂ ತಡ, ದಡದಡ ಇಳದು ಬರ್ತಿದ್ದುವು. ಹಂಗ ಒಂದೊಂದೇ ಹೆಸರಿಗೆ ಒಂದೊಂದೇ ಕೂಸು. ನೋಡಕೋತ ನಿಂತೆ. ಪಾಳಿ ಕರಗಿತು. ಮೈಕಿನ್ಯಾಗ ಸಿಂಧೂರ ಮಿಸ್ ದನಿ ಬಂತು, "ಕೆಳಗೆ ಇನ್ಯಾರಿದ್ದೀರಿ? ಮೇಲೆ ಒಬ್ನೇ ಉಳಿದಿದ್ದಾನೆ."

ಒಬ್ಬನೇ. ಆ ದೊಡ್ಡ ಹಾಲ್‌ನಾಗ, ತನ್ನ ಹೆಸರು ಯಾವುದು ಅಂತ ತಿಳೀಲಾರದ, ಹಸರು ಫ್ರಾಕಿನ ಹುಡುಗಿಯಂಗ.

ಮನೋಹರ ಮತ್ತ ಮೈಕು ಹಿಡದ. ದವಾಖಾನಿ ಕಿಟಕಿ ಕಣ್ಣ ಮುಂದ ಬಂತು. ಅವತ್ತು ಅಂದದ್ದು ಕಾಗದಕ್ಕ. ಕರದದ್ದಲ್ಲ. ನಲವತ್ತು ವರ್ಷ ಕೂಡಿ ಬಾಳಿ ಅವರನ್ನ ಒಮ್ಮೆಯೂ ಹೆಸರು ಹಿಡದು ಕರದಿಲ್ಲ ನಾ. ಕರದಿದ್ದರ ಓ ಅಂತಿದ್ದರೇನೋ.

ಮೈಕು ಬಾಯಿಗೆ ತಂದೆ.

ಮಲಕಪ್ಪ, ಅಂದೆ.

ದನಿ ಮ್ಯಾಲಿಂದ ತಿರುಗಿ ನನಗೇ ಕೇಳಿಸಿತು. ಯಾರೋ ಬ್ಯಾರೇದಾಕಿ ಕರದಂಗ. ಮತ್ತ ಅಂದೆ. ಮಲಕಪ್ಪಾ, ಅಜ್ಜಿ ಬಂದೀನಿ. ಬಾರಪ್ಪ ಮಲಕಪ್ಪ, ಮನಿಗೆ ಹೋಗೋಣು.

ಮಳಿ ಸಪ್ಪಳ ಅಷ್ಟೇ. ಆಮ್ಯಾಲ ಮೆಟ್ಟಲ ಮ್ಯಾಲಿಂದ, ಇಡೀ ಶಾಲಿಗೆ ಕೇಳೂಹಂಗ —

"ಪ್ರೆಸೆಂಟ್, ಅಜ್ಜೀ!"

ಮೂರು ವಾರದಿಂದ ಎಲ್ಲಾ ಹುಡುಗೋರು ಅನ್ನೂದು ಕೇಳ್ಯಾನ, ತಾ ಅಂದಿರಲಿಲ್ಲ. ಬೂಟು ದಡದಡ ಬಂದುವು. ಬ್ಯಾಗು, ಕೆಂಪು ದಾರ, ರೇನ್‌ಕೋಟು ಹಿಂದ ಮುಂದ. ಹಿಂದ ಸಿಂಧೂರ ಮಿಸ್ ಓಡಿ ಬಂದಳು, ಕಣ್ಣು ಒರಸಕೋತ. "ನಾಳೆ ಅಟೆಂಡೆನ್ಸ್‌ಗೂ ಹೀಗೇ ಹೇಳ್ತೀಯಾ?" "ಅಜ್ಜಿ ಅಂದಳಲ್ಲ, ಅದು ನನ್ನ ಹೆಸರು" ಅಂದ. ಅಷ್ಟು ಸರಳ ಅಂವಗ. ಶಾಲಿನಿ ಮಾವಶಿ ಮೆಟ್ಟಲ ಮ್ಯಾಲ ನಿಂತು ನನಗ ಕೈ ಮುಗದಳು. ಸಾಕು ನಾಟಕ, ಇಳಿ ಕೆಳಗ, ಅಂದೆ.

ಅಲ್ಲಿಂದೇ ಕುಸುಮಾಗ ಫೋನ್ ಹಚ್ಚಿದೆ. ಪರ್ಸಿನ್ಯಾಗಿನ ಕಾಗದ ಹರಿ ಅಂದೆ. ಯಾಕ್ರಿ ಅತ್ತೀ, ಏನಾತು, ಅಂತ ಗಾಬರಿ ಆದಳು. ಫೋನ್ ಇವನ ಕೈಯಾಗ ಕೊಟ್ಟೆ. ತನ್ನ ಹೆಸರು ತಾನೇ ಹೇಳಿದ, ಅಪ್ಪ-ಅವ್ವನ ಹೆಸರು ಕೂಡಿಸಿ, ಪೂರ್ತಿ. ಆ ಕಡೆಯಿಂದ ಕಾಗದ ಹರದ ಸಪ್ಪಳ ಬಂತು. ಬಿಳಿ ಕೋಟು ನಿನಗ ಛಂದ ಕಾಣತದ, ಅಂತ ಅಂದುಬಿಟ್ಟೆ. ಇವತ್ತು ಬಾಯಿ ಹಿಡತದಾಗ ಇಲ್ಲ.

ಹಿಂದಿನ ಹಾಳಿ ತಿರುವಿ ಗೆರಿ ಎಳದಲ್ಲೆಲ್ಲಾ ತುಂಬಬೇಕು ಅಂತ ಕುಂತೀನಿ. ಇಂವ ಬಿಡವಲ್ಲ. ಬಾಗಲ ಹಿಂದ ಅಡಗಿ ನಿಂತಾನ, ನಾ ಕರದರೇ ಹೊರಗ ಬರಾಂವಂತ. ಆರು ಸಲ ಆತು. ಏಳನೇದು. ತಡಿ ಮಲಕಪ್ಪ, ಪೆನ್ನಿನ ಮುಚ್ಚಳ ಹಾಕಿ —